ಮರಿಗಳ ಕಾಲಂನಲ್ಲಿ ಸೊನ್ನೆ

ಚಳಿಗಾಲದ ಶನಿವಾರಗಳಲ್ಲಿ ನಾನು ಸೀಲ್ ಎಣಿಸಲು ಹೋಗುತ್ತೇನೆ. ಆಫೀಸಿನಲ್ಲಿ ಹೀಗೆಂದರೆ ‘ಓ, ಸೀ ಲಯನ್!’ ಎನ್ನುತ್ತಾರೆ. ಅಲ್ಲ ಎಂದು ತಿದ್ದುವುದು ನನ್ನ ಚಾಳಿ. ಕಡಲಸಿಂಹಕ್ಕೆ ಹೊರಗೆ ಕಾಣುವ ಕಿವಿಯಿದೆ, ಮುಂಗಾಲೂರಿ ನಡೆಯುತ್ತದೆ, ಅದು ಅಮೆರಿಕದ ಆಚೆ ಬದಿಯ, ಪಶ್ಚಿಮದ ಕಡಲಿನದು. ನಮ್ಮ ಕಡೆಯದು ಬೂದು ಸೀಲ್. ಕಿವಿಯ ಜಾಗದಲ್ಲಿ ಬರೀ ಒಂದು ತೂತು, ಉದ್ದ ಮೂತಿ, ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುವ ಭಾರೀ ಶರೀರ. ನೀರಿಗಿಳಿದರೆ ಮಾತ್ರ ಯಾರ ಕೈಗೂ ಸಿಗದು.

ಫ್ಲೋರಲ್ ಪಾರ್ಕಿನ ನಮ್ಮ ಮನೆಯಿಂದ ಲಾಂಗ್ ಐಲೆಂಡಿನ ಪೂರ್ವದ ತುದಿಗೆ ಎರಡು ಗಂಟೆಯ ದಾರಿ. ಅಲ್ಲೊಂದು ಮರಳಿನ ದಿಣ್ಣೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಕೊನೆಯಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಸೀಲ್‌ಗಳ ಬೀಡು. ಮೊದಮೊದಲು ಬಿಸಿಲಿಗೆ ಮಲಗಿ ಹೋಗುತ್ತಿದ್ದವು ಅಷ್ಟೆ. ಎರಡು ವರ್ಷದಿಂದ ಅಲ್ಲೇ ಹೆರಿಗೆಯೂ ಶುರುವಾಗಿತ್ತು. ವರ್ಷಕ್ಕೆ ಒಂದೋ ಎರಡೋ ಮರಿ. ಅಷ್ಟಕ್ಕೇ ನಮ್ಮ ಸ್ವಯಂಸೇವಕರ ತಂಡದಲ್ಲಿ ಹಬ್ಬ.

ಕೆಲಸ ಸುಲಭದ್ದು. ದೂರದಲ್ಲಿ, ಒಣಹುಲ್ಲಿನ ದಿಬ್ಬದ ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ದುರ್ಬೀನು ಕಟ್ಟಿ ನಿಂತುಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಣಿಸಬೇಕು. ಹಾಳೆಯಲ್ಲಿ ಮೂರು ಕಾಲಂ: ದೊಡ್ಡವು, ಎಳೆಯವು, ಮರಿಗಳು. ಪೆನ್ನಿನ ಶಾಯಿ ಚಳಿಗೆ ಕಟ್ಟಿಹೋಗುವುದರಿಂದ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಮೂರನೆಯ ಕಾಲಂನಲ್ಲಿ ಒಂದು ಎಂದು ಬಿದ್ದರೆ ಸಾಕು, ಅವತ್ತೇ ಸಂಜೆಯೊಳಗೆ ದಿಣ್ಣೆಯ ದಾರಿಗೆ ಹಗ್ಗ ಕಟ್ಟುತ್ತಾರೆ, ಬೋರ್ಡು ನೆಡುತ್ತಾರೆ, ಮರಿ ಹಾಲು ಬಿಟ್ಟು ಸಮುದ್ರ ಸೇರುವವರೆಗೆ ಹಗಲೆಲ್ಲ ಒಬ್ಬರು ಕಾವಲಿರುತ್ತಾರೆ. ಸೊನ್ನೆ ಬಿದ್ದರೆ ದಾರಿ ಎಲ್ಲರಿಗೂ ತೆರೆದೇ ಇರುತ್ತದೆ. ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಜನ ಓಡಾಡುತ್ತಾರೆ. ಆ ಹಾಳೆಯಲ್ಲಿ ಬರೆಯುವ ಅಂಕಿಗೆ ಇಷ್ಟು ತೂಕವಿದೆ ಎಂದು ನನಗೆ ನಾಲ್ಕು ಚಳಿಗಾಲದಿಂದ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಲು ನನಗೆ ದಾರಿ ಇರಬಾರದು.

ನಾನು ಹುಟ್ಟಾ ಪುಕ್ಕಲಿ. ಒಲೆ ಆರಿಸಿದೆನೋ ಇಲ್ಲವೋ ನೋಡಲು ಎಕ್ಸ್‌ಪ್ರೆಸ್‌ವೇಯ ಅರ್ಧ ದಾರಿಯಿಂದ ಕಾರು ತಿರುಗಿಸಿದವಳು. ಗಂಡ ಟ್ರೈನಿನಲ್ಲಿ ಹತ್ತು ನಿಮಿಷ ತಡವಾದರೆ ಸುದ್ದಿ ತೆರೆದು ಅಪಘಾತ ಹುಡುಕುತ್ತೇನೆ. ‘ನಿನಗೆ ಚಿಂತೆ ಮಾಡೋಕೆ ಏನೂ ಸಿಗದಿದ್ರೆ ಅದಕ್ಕೂ ಚಿಂತೆ ಮಾಡ್ತೀಯ’ ಎಂದು ಅವನು ರೇಗಿಸುತ್ತಾನೆ. ಎಣಿಸುವಾಗ ಮಾತ್ರ ತಲೆ ಸುಮ್ಮನಾಗುತ್ತಿತ್ತು. ಸೀಲ್ ಹಿಡಿಸಿದ್ದಕ್ಕೆ ಅದೇ ಕಾರಣ, ಪ್ರಾಣಿದಯೆಯೆಲ್ಲ ಆಮೇಲೆ ಬಂದದ್ದು.

ಈ ಜನವರಿಯಲ್ಲಿ ಅದೂ ಕೈಕೊಟ್ಟಿತ್ತು. ನಾನು ಬಸುರಾಗಿ ಒಂಬತ್ತು ವಾರವಾಗಿತ್ತು. ಇದು ಮೂರನೆಯ ಸಲ. ಮೊದಲನೆಯ ಸಲ ಆರನೇ ವಾರಕ್ಕೇ ಸಂತೋಷ ತಡೆಯಲಾರದೆ ಮೈಸೂರಿಗೆಲ್ಲ ಫೋನು ಮಾಡಿದ್ದೆ, ಆಫೀಸಿಗೆ ಪಕ್ಕದ ಬೆಲ್‌ರೋಸಿನ ನಮ್ಮವರ ಅಂಗಡಿಯಿಂದ ಮೈಸೂರು ಪಾಕು ಒಯ್ದಿದ್ದೆ. ಹನ್ನೊಂದನೇ ವಾರದಲ್ಲಿ ಹೋಯಿತು. ಮೈಸೂರು ಪಾಕು ತಿಂದವರಿಗೆಲ್ಲ ಒಬ್ಬೊಬ್ಬರಿಗೂ ಹೇಳುವ ಪ್ರಾರಬ್ಧ. ಎರಡನೆಯ ಸಲ ಗಂಡನಿಗೂ ಅಮ್ಮನಿಗೂ ಮಾತ್ರ ಹೇಳಿದೆ. ಎಂಟನೇ ವಾರದಲ್ಲಿ ಹೋಯಿತು. ಈ ಸಲ ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನವೆಂಬರಿನಲ್ಲಿ ಮೈಸೂರಿನಿಂದ ಬಂದು ನಮ್ಮ ಪಕ್ಕದ ರೂಮಿನಲ್ಲೇ ಮಲಗುತ್ತಿದ್ದ ಅಮ್ಮನಿಗೂ ಗೊತ್ತಿರಲಿಲ್ಲ. ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದೆ. ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದೆ. ಅಮ್ಮ ಜೀರಿಗೆ ಕಷಾಯ ಮಾಡಿಕೊಡುತ್ತಿದ್ದಳು. ಅದನ್ನು ಕುಡಿದು ಮತ್ತೆ ನಲ್ಲಿ ಬಿಡುತ್ತಿದ್ದೆ.

ಜನವರಿಯ ಎರಡನೆಯ ಶನಿವಾರ ಅಮ್ಮ ತಾನೂ ಬರುತ್ತೇನೆ ಎಂದು ಹೊರಟಳು. ನಾಲ್ಕು ಗೋಡೆಯ ನಡುವೆ ಹೀಟರಿನ ಸದ್ದು ಕೇಳಿ ಕೇಳಿ ಸಾಕಾಗಿತ್ತು ಅವಳಿಗೆ. ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ಟು, ತಲೆಗೆ ಮಂಕಿಕ್ಯಾಪು, ಕಾಲಿಗೆ ನನ್ನ ಹಳೆಯ ಬೂಟು. ದಿಬ್ಬ ಹತ್ತಿದವಳೇ ಗಾಳಿ ಕುಡಿದು ‘ಏನು ನಾತ!’ ಎಂದು ಮೂಗು ಮುಚ್ಚಿಕೊಂಡಳು. ಕೊಳೆತ ಮೀನಿನ ವಾಸನೆ. ಬೆನ್ನು ತಿರುಗಿಸಿ ಕೈಚೀಲದಲ್ಲಿದ್ದ ಒಣಶುಂಠಿಯ ಚೂರು ಬಾಯಿಗೆ ಹಾಕಿಕೊಂಡೆ.

ದೊಡ್ಡವು ಐವತ್ತೆರಡು ಬರೆದೆ, ಎಳೆಯವು ಹದಿನಾಲ್ಕು. ಆಮೇಲೆ ಅಮ್ಮ ನೋಡಲಿ ಎಂದು ದುರ್ಬೀನು ಬಿಟ್ಟುಕೊಟ್ಟೆ. ಎರಡು ನಿಮಿಷ ದುರ್ಬೀನನ್ನು ಅತ್ತಿತ್ತ ತಿರುಗಿಸಿದಳು. ಮೂರನೆಯ ನಿಮಿಷಕ್ಕೆ ಉಸಿರೆಳೆದುಕೊಂಡಳು.

‘ಅಯ್ಯೋ ಕೂಸು ಕಣೇ! ಬೆಳ್ಳಗೆ ಒಂದು ಕೂಸು!’

ನಾನು ನೋಡಿದೆ. ಒಂದು ದೊಡ್ಡ ಹೆಣ್ಣಿನ ಪಕ್ಕದಲ್ಲಿ, ಮರಳು ಮೆತ್ತಿಕೊಂಡ ಬಿಳಿ ತುಪ್ಪಟದ ಮರಿ. ಚರ್ಮ ಇನ್ನೂ ಸಡಿಲ, ಹೊಟ್ಟೆಯಡಿ ಹೊಕ್ಕುಳಬಳ್ಳಿಯ ಕೆಂಪು ತುಂಡು. ಹುಟ್ಟಿ ಒಂದು ದಿನವೋ ಎರಡು ದಿನವೋ. ಈ ಚಳಿಗಾಲದ ಮೊದಲ ಮರಿ, ಅದೂ ನನ್ನ ಪಾಳಿಯಲ್ಲಿ. ಗಬಕ್ಕನೆ ಪೆನ್ಸಿಲ್ ತೆಗೆದೆ.

‘ಬರೀಬೇಡ’ ಎಂದಳು ಅಮ್ಮ.

‘ಯಾಕಮ್ಮ?’

‘ಈಗ್ತಾನೆ ಹುಟ್ಟಿರೋ ಕೂಸನ್ನ ಎಣಿಸ್ತಾರೇನೆ? ಹನ್ನೊಂದು ದಿನ ಆಗ್ಲಿ. ದೃಷ್ಟಿಯಾಗತ್ತೆ.’

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ಈ ಮಾತು ಹೇಳಿದ್ದು. ನಮ್ಮ ಮನೆಯಲ್ಲಿ ಹಾಗೆಯೇ. ಊಟದ ಹೊತ್ತಿಗೆ ಅಜ್ಜಿ ಎಲೆ ಎಣಿಸುತ್ತಿದ್ದಳೇ ಹೊರತು ಮೊಮ್ಮಕ್ಕಳನ್ನು ಎಣಿಸುತ್ತಿರಲಿಲ್ಲ. ಯಾರಾದರೂ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿದರೆ ‘ಇವೆ, ದೇವರು ಕೊಟ್ಟಷ್ಟು’ ಎನ್ನುತ್ತಿದ್ದಳು. ನಾನು ಅಮ್ಮನನ್ನು ಕೆಣಕಿದೆ.

‘ಮತ್ತೆ ಸ್ಕೂಲಲ್ಲಿ ದಿನಾ ಹಾಜರಿ ತಗೊಳ್ತಿದ್ಯಲ್ಲ?’

‘ಅದು ಹೆಸರು ಕರಿಯೋದು. ಎಣಿಸೋದಲ್ಲ.’

ಎಂದವಳೇ ಎರಡೂ ಕೈಯನ್ನು ದೂರದ ಆ ಮರಿಯ ಕಡೆಗೆ ನೀವಾಳಿಸಿ, ಕೆನ್ನೆಯ ಪಕ್ಕಕ್ಕೆ ತಂದು ಪಟಪಟ ನೆಟಿಗೆ ಮುರಿದಳು.

ಬೇರೆ ವರ್ಷವಾಗಿದ್ದರೆ ನಕ್ಕು ಬರೆದುಬಿಡುತ್ತಿದ್ದೆ. ಆ ದಿನ ಪೆನ್ಸಿಲ್ ಹಾಳೆಯ ಮೇಲೆ ನಿಂತುಬಿಟ್ಟಿತು. ಬಾಯಿಬಿಟ್ಟು ಹೇಳಿದ್ದು ಎರಡು ಸಲವೂ ಹೋಗಿತ್ತು. ಹೇಳದೇ ಇದ್ದದ್ದು ಇನ್ನೂ ಹೊಟ್ಟೆಯಲ್ಲಿತ್ತು. ಆ ಸೀಲಿಗೂ ನನಗೂ ಏನು ಸಂಬಂಧ? ಯಾವ ಸಂಬಂಧವೂ ಇಲ್ಲ. ಆದರೆ ಭಯಕ್ಕೆ ಸಂಬಂಧ ಕಟ್ಟಲು ಎಷ್ಟು ಹೊತ್ತು ಬೇಕು? ಇದನ್ನು ಬರೆದರೆ ಅದೂ ಹೋಗುತ್ತದೆ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ಒಂದು ವಾರ ತಾನೇ, ಮುಂದಿನ ಶನಿವಾರ ಬರೆದರಾಯಿತು, ಈ ಚಳಿಗೆ ಇಲ್ಲಿಗೆ ಯಾರು ಬರುತ್ತಾರೆ ಎಂದುಕೊಂಡೆ. ಮರಿಗಳ ಕಾಲಂನಲ್ಲಿ ದುಂಡಗೆ ಸೊನ್ನೆ ಬರೆದೆ. ಹಾಳೆಯ ಫೋಟೋ ತೆಗೆದು ತಂಡದ ಹಿರಿಯಾಕೆಗೆ ಕಳಿಸಿದೆ. ಅವರಿಂದ ಹೆಬ್ಬೆರಳೆತ್ತಿದ ಚಿತ್ರ ಬಂತು.

ಹಿರಿಯಾಕೆಯ ಬಗ್ಗೆ ಹೇಳಬೇಕು. ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು. ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಂಡು ನಿವೃತ್ತರಾದವರು. ದಿಣ್ಣೆಯ ಹತ್ತಿರದ ಹಳ್ಳಿಯಲ್ಲೇ ಒಬ್ಬರೇ ಇರುತ್ತಾರೆ. ನಗುವುದು ಕಡಿಮೆ, ಬೈಯುವುದು ಇನ್ನೂ ಕಡಿಮೆ. ದುರ್ಬೀನಿನಲ್ಲಿ ನೋಡುವುದನ್ನು ನನಗೆ ಕಲಿಸಿದ್ದು ಅವರೇ. ‘ಕಂಡದ್ದನ್ನು ಬರೆ. ಕಂಡಂತೆ ಅನಿಸಿದ್ದನ್ನು ಬರೆಯಬೇಡ’ ಎಂದಿದ್ದರು. ಕಂಡದ್ದನ್ನು ಬರೆಯದೇ ಇರುವವರು ಇರುತ್ತಾರೆ ಎಂದು ಅವರಿಗೆ ಹೊಳೆದಿರಲಾರದು.

ಭಾನುವಾರ, ಸೋಮವಾರ ಗಾಳಿ ಜೋರಿತ್ತು. ನನಗೆ ಸಮಾಧಾನ. ಮಂಗಳವಾರ ಬಿಸಿಲು ಬಂತು. ಬುಧವಾರ ಜನವರಿಯೋ ಏಪ್ರಿಲ್ಲೋ ಎನ್ನುವಷ್ಟು ಬೆಚ್ಚಗಾಯಿತು. ಮ್ಯಾನ್‌ಹ್ಯಾಟನ್ನಿನ ಆಫೀಸಿನಲ್ಲಿ ಎಲ್ಲರೂ ಜಾಕೆಟ್ ಬಿಚ್ಚಿ ಊಟಕ್ಕೆ ಹೊರಗೆ ಹೋದರು. ನಾನು ಮಾತ್ರ ಕಿಟಕಿಯ ಬಿಸಿಲನ್ನೇ ನೋಡುತ್ತ ಕೂತೆ. ಇಂಥ ಬಿಸಿಲಿಗೆ ಜನ ಕಡಲ ತೀರಕ್ಕೆ ಹೋಗುತ್ತಾರೆ. ಫೋನು ಕೈಗೆತ್ತಿಕೊಂಡು, ಹಿರಿಯಾಕೆಯ ಹೆಸರಿನ ತನಕ ಬಂದು, ಮತ್ತೆ ಕೆಳಗಿಟ್ಟೆ. ಮೂರು ಸಲ ಹಾಗೆ ಮಾಡಿದೆ. ಏನೆಂದು ಹೇಳುವುದು? ನಾಲ್ಕು ದಿನ ತಡವಾಗಿ ನೆನಪಾಯಿತು ಎನ್ನುವುದೇ?

ಗುರುವಾರ ಬೆಳಗ್ಗೆ ಟ್ರೈನಿಗೆ ಹೊರಡುವಾಗ ತಂಡದ ಗ್ರೂಪಿನಲ್ಲಿ ವೀಡಿಯೋ ಬಂತು. ಬುಧವಾರ ಮಧ್ಯಾಹ್ನ ದಿಣ್ಣೆಯಲ್ಲಿ ಯಾರೋ ತೆಗೆದದ್ದು. ಹಗ್ಗ ಬಿಚ್ಚಿದ ನಾಯಿಯೊಂದು ಬೊಗಳುತ್ತ ಸುತ್ತು ಹಾಕುತ್ತಿದೆ. ತಾಯಿ ಬಾಯಿ ತೆರೆದು ಬುಸುಗುಡುತ್ತ ಹಿಂದೆ ಹಿಂದೆ ಸರಿದು ಕೊನೆಗೆ ನೀರಿಗೆ ಜಾರುತ್ತದೆ. ಬಿಳಿ ಮರಿ ಮರಳಿನಲ್ಲಿ ಒಂಟಿಯಾಗಿ ಬಾಯಿ ಬಿಟ್ಟು ಅಳುತ್ತದೆ. ಅಳು ಥೇಟ್ ಎಳೆಗೂಸಿನದು. ಕೆಳಗೆ ಹಿರಿಯಾಕೆಯ ಒಕ್ಕಣೆ: ತಾಯಿ ನಿನ್ನೆಯಿಂದ ವಾಪಸು ಬಂದಿಲ್ಲ, ಮರಿಗೆ ಕನಿಷ್ಠ ಐದು ದಿನವಾಗಿದೆ, ಶನಿವಾರದ ಹಾಳೆಯಲ್ಲಿ ಸೊನ್ನೆ ಇದೆ, ಶನಿವಾರ ಯಾರಿದ್ದರು?

ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಾಗೇ ಕೂತುಬಿಟ್ಟೆ. ‘ಬಹುಶಃ ನಾನು ಹೊರಟ ಮೇಲೆ ಹುಟ್ಟಿರಬೇಕು’ ಎಂದು ಟೈಪು ಮಾಡಿದೆ. ಸುಳ್ಳು ಎಷ್ಟು ಬೇಗ ಕೈಗೆ ಬಂತು ಎಂದು ಈಗಲೂ ನಾಚಿಕೆಯಾಗುತ್ತದೆ. ಅಳಿಸಿದೆ. ‘ನಾನಿದ್ದೆ. ಬರುತ್ತಿದ್ದೇನೆ’ ಎಂದಷ್ಟೇ ಬರೆದು ಆಫೀಸಿಗೆ ಸಿಕ್ ಲೀವ್ ಹಾಕಿದೆ.

ಅಮ್ಮ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು. ವೀಡಿಯೋ ತೋರಿಸಿದೆ. ಅಳುವ ಸದ್ದಿಗೆ ಅವಳ ಕೈ ತಾನಾಗಿ ಎದೆಗೆ ಹೋಯಿತು. ಒಲೆ ಆರಿಸಿ, ಏನೂ ಕೇಳದೆ ಬೂಟು ಹಾಕಿಕೊಂಡಳು.

ಎರಡು ಗಂಟೆಯ ದಾರಿಯಲ್ಲಿ ನಾನು ಒಲೆ ಆರಿತೋ ಇಲ್ಲವೋ ಎಂದು ಕೂಡ ಯೋಚಿಸಲಿಲ್ಲ.

ದಿಣ್ಣೆಯ ದಾರಿಗೆ ಆಗ ಹಗ್ಗ ಬಿದ್ದಿತ್ತು. ಹಿರಿಯಾಕೆ ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬೆಳಗಿನ ಆರೂವರೆಯಿಂದ ಕೂತಿದ್ದರಂತೆ. ಮರಿ ದೂರದಲ್ಲಿ ಒಂದು ಮರದ ದಿಮ್ಮಿಗೆ ಒತ್ತಿಕೊಂಡು ಮಲಗಿತ್ತು. ಆಗಾಗ ತಲೆಯೆತ್ತಿ ಅಳುತ್ತಿತ್ತು. ಉಳಿದ ಸೀಲ್‌ಗಳು ನಾಯಿಯ ಗಲಾಟೆಗೆ ಆಚೆಯ ಬಂಡೆಗಳಿಗೆ ಹೋಗಿಬಿಟ್ಟಿದ್ದವು. ಅಷ್ಟು ದೊಡ್ಡ ಮರಳಿನಲ್ಲಿ ಅದೊಂದೇ.

ಹಿರಿಯಾಕೆ ಪರಿಸ್ಥಿತಿ ವಿವರಿಸಿದರು. ಐದಾರು ಗಂಟೆಗೊಮ್ಮೆ ಹಾಲು ಕುಡಿಯಬೇಕಾದ ಮರಿ ಸುಮಾರು ಒಂದು ದಿನದಿಂದ ಕುಡಿದಿಲ್ಲ. ಕತ್ತಲಾಗುವುದರೊಳಗೆ ತಾಯಿ ಬಂದರೆ ಸರಿ. ಬರದಿದ್ದರೆ ಪ್ರಾಣಿ ರಕ್ಷಣೆಯವರು ಬಂದು ಮರಿಯನ್ನು ತಮ್ಮ ಕೇಂದ್ರಕ್ಕೆ ಎತ್ತಿಕೊಂಡು ಹೋಗುತ್ತಾರೆ. ಇಷ್ಟು ಎಳೆಯದು ಅಲ್ಲಿ ಬದುಕುತ್ತದೆ ಎಂದು ಹೇಳಲಾಗದು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದೇ, ಹತ್ತಿರ ಹೋಗದೇ ಇರುವುದು.

ಅಷ್ಟು ಹೇಳಿ, ನನ್ನ ಮೇಲೆ ಸಿಟ್ಟಿಲ್ಲದೆ ಕೇಳಿದರು. ‘ಶನಿವಾರ ಮಂಜು ಮುಸುಕಿತ್ತಾ? ಅದು ದಿಮ್ಮಿಯ ಹಿಂದೆ ಇತ್ತಾ?’

ಪಾರಾಗಲು ಎರಡೆರಡು ಬಾಗಿಲು ಅವರೇ ತೆಗೆದುಕೊಟ್ಟಿದ್ದರು.

‘ಇಲ್ಲ. ನಾನು ನೋಡಿದೆ. ನೋಡಿ ಸೊನ್ನೆ ಬರೆದೆ.’

ಅವರು ಸಮುದ್ರದ ಕಡೆಗೆ ತಿರುಗಿ, ನಾಯಿಯ ಮೇಲೆ ನಿನ್ನೆಯಿಂದ ಸಿಟ್ಟು ಮಾಡಿಕೊಂಡಿದ್ದೆ ಎಂದರು. ‘ನಾಯಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.’

ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಇಂಗ್ಲಿಷ್ ಚೆನ್ನಾಗಿ ಅರ್ಥವಾಗುವ ಅಮ್ಮ ಮುಂದೆ ಬಂದಳು. ಮಾತಾಡುವಾಗ ಮಾತ್ರ ಅವಳಿಗೆ ಕನ್ನಡವೇ ಬಂತು. ‘ತಪ್ಪು ನಂದು ಅಂತ ಹೇಳೇ ಇವರಿಗೆ. ನಾನೇ ಬೇಡ ಅಂದಿದ್ದು. ಹಸುಗೂಸನ್ನ ಎಣಿಸೋದು ನಮ್ಮಲ್ಲಿಲ್ಲ ಅಂತ ಹೇಳು. ದೃಷ್ಟಿಯಾಗತ್ತೆ ಅಂತ ನಾನು ಹೇಳಿದ್ನಲ್ಲ, ನಂದೇ ದೃಷ್ಟಿ ಬಿತ್ತು ಅನ್ಸತ್ತೆ ಅದಕ್ಕೆ.’

ನಾನು ಅನುವಾದ ಮಾಡತೊಡಗಿದೆ. ನಮ್ಮಲ್ಲಿ ನವಜಾತ ಶಿಶುಗಳನ್ನು ಎಣಿಸುವುದಿಲ್ಲ, ನನ್ನ ತಾಯಿ ಬರೆಯಬೇಡ ಎಂದಳು... ಅಲ್ಲಿಗೆ ನಿಂತುಹೋದೆ. ಅಮ್ಮನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೇನೆ ಅನ್ನಿಸಿತು. ಅಮ್ಮ ಬೇಡ ಎಂದ ನೂರು ಕೆಲಸ ಮಾಡಿದ್ದೇನೆ ನಾನು. ಅವಳು ಬೇಡ ಎಂದವನನ್ನೇ ಮದುವೆಯಾಗಿದ್ದೇನೆ.

‘ಅದು ಕಾರಣವಲ್ಲ’ ಎಂದೆ ಇಂಗ್ಲಿಷಿನಲ್ಲಿ. ‘ನಾನು ಬಸುರಿ. ಹಿಂದೆ ಎರಡು ಸಲ ಹೇಳಿಕೊಂಡೆ, ಎರಡೂ ಉಳಿಯಲಿಲ್ಲ. ಈ ಸಲ ಯಾರಿಗೂ ಹೇಳಿಲ್ಲ. ಆ ಮರಿಯನ್ನು ಬರೆಯಲು ನನಗೆ ಭಯವಾಯಿತು.’

ಅಮ್ಮನಿಗೆ ಹೇಳಬೇಕಾದದ್ದನ್ನು ಪರದೇಶದ ಮರಳಿನ ಮೇಲೆ, ಪರಭಾಷೆಯಲ್ಲಿ, ಬೇರೆಯವರಿಗೆ ಹೇಳಿ ಮುಗಿಸಿದ್ದೆ. ಅವಳ ಕಡೆ ನೋಡಲು ಧೈರ್ಯ ಸಾಲಲಿಲ್ಲ. ನನ್ನ ತಲೆಯ ಮೇಲೆ ಏನೋ ಬಿತ್ತು. ತನ್ನ ಮಂಕಿಕ್ಯಾಪು ತೆಗೆದು ನನ್ನ ತಲೆಗೆ ಎಳೆಯುತ್ತಿದ್ದಳು, ಎರಡೂ ಕಿವಿ ಮುಚ್ಚುವ ಹಾಗೆ, ಕೂದಲು ಸಿಕ್ಕಿ ನೋವಾಗುವಷ್ಟು ಜೋರಾಗಿ.

‘ಕಿವಿಗೆ ಗಾಳಿ ಹೋಗತ್ತೆ’ ಎಂದಳು.

ಹಿರಿಯಾಕೆ ಎದ್ದು ನಿಂತರು. ತಮ್ಮ ಕುರ್ಚಿಯನ್ನು ನನ್ನ ಕಡೆ ನೂಕಿ ಕೂತುಕೋ ಎಂದರು. ಚೀಲದಿಂದ ಶನಿವಾರದ ಹಾಳೆಯ ಪ್ರತಿ ತೆಗೆದು ಪೆನ್ಸಿಲ್ ಕೊಟ್ಟರು. ಸೊನ್ನೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಒಂದು ಎಂದು ಬರೆದು ಸಹಿ ಮಾಡಿದೆ. ಅಳಿಸಲು ಅವರು ಬಿಡಲಿಲ್ಲ. ತಪ್ಪು ಕಾಣಿಸುತ್ತಲೇ ಇರಬೇಕು ಎನ್ನುವುದು ಅವರ ಪದ್ಧತಿ.

ಆಮೇಲೆ ಕಾಯುವುದು. ಹನ್ನೆರಡಾಯಿತು, ಒಂದಾಯಿತು. ಅಮ್ಮ ಚಪಾತಿ ಸುರುಳಿ ಸುತ್ತಿ ತಂದಿದ್ದಳು. ಹಿರಿಯಾಕೆಗೂ ಒಂದು ಕೊಟ್ಟಳು. ಅವರು ಒಳಗಿನ ಚಟ್ನಿಪುಡಿಗೆ ಕಣ್ಣಲ್ಲಿ ನೀರು ತಂದುಕೊಂಡರೂ ಪೂರ್ತಿ ತಿಂದರು. ಮರಿಯ ಅಳು ಕಡಿಮೆಯಾಗುತ್ತ ಬಂತು. ಅತ್ತರೆ ಸಂಕಟ, ಅಳದಿದ್ದರೆ ಅದಕ್ಕಿಂತ ಸಂಕಟ. ಎರಡು ಗಂಟೆಯ ಹೊತ್ತಿಗೆ ಪೂರಾ ಸುಮ್ಮನಾದಾಗ ನಾನು ದುರ್ಬೀನಿಗೆ ಕಣ್ಣಿಟ್ಟು ಅದರ ಪಕ್ಕೆ ಏರಿಳಿಯುತ್ತಿದೆಯೇ ಎಂದು ನೋಡುತ್ತ ನಿಂತೆ. ಏರಿತು. ಇಳಿಯಿತು. ಮತ್ತೆ ಏರುವವರೆಗೆ ನನ್ನ ಉಸಿರನ್ನೂ ಹಿಡಿದುಕೊಂಡಿದ್ದೆ.

‘ಬರ್ತಾಳೆ’ ಎಂದಳು ಅಮ್ಮ.

‘ನಿಂಗೆ ಹೇಗ್ಗೊತ್ತು?’

‘ಹಾಲು ಕಟ್ಕೊಂಡಿರತ್ತೆ ಕಣೇ ಅವಳಿಗೆ. ನಿನ್ನೆಯಿಂದ ಕುಡಿಸಿಲ್ಲ. ಆ ನೋವು ನಿಂಗೊತ್ತಿಲ್ಲ. ಬರದೇ ಏನ್ಮಾಡ್ತಾಳೆ?’

ಹಿರಿಯಾಕೆಗೆ ಅದನ್ನು ಹೇಳಿದೆ. ಅವರು ತಲೆಯಾಡಿಸಿದರು. ಪುಸ್ತಕದಲ್ಲೂ ಹೆಚ್ಚುಕಡಿಮೆ ಹಾಗೆಯೇ ಇದೆಯಂತೆ.

ಮೂರೂವರೆಗೆ ಬೆಳಕು ಹಳದಿಗೆ ತಿರುಗಿತು. ಜನವರಿಯ ಸಂಜೆ, ಇನ್ನೊಂದು ಗಂಟೆಗೆಲ್ಲ ಕತ್ತಲು. ರಕ್ಷಣೆಯವರು ದಾರಿಯಲ್ಲಿದ್ದೇವೆ ಎಂದು ಹಿರಿಯಾಕೆಗೆ ಫೋನು ಮಾಡಿದರು. ಭರತ ಏರಿ ನೀರು ದಿಮ್ಮಿಯ ಹತ್ತಿರಕ್ಕೆ ಬರುತ್ತಿತ್ತು. ನಾನು ಯಾವ ದೇವರನ್ನೂ ಬಿಡಲಿಲ್ಲ. ಚಾಮುಂಡಿಯಿಂದ ಹಿಡಿದು ಬೆಲ್‌ರೋಸಿನ ಅಂಗಡಿಯ ಕ್ಯಾಲೆಂಡರಿನ ಗಣೇಶನವರೆಗೆ ಎಲ್ಲರಿಗೂ ಮೊರೆಯಿಟ್ಟೆ.

‘ಅಲ್ಲಿ’ ಎಂದರು ಹಿರಿಯಾಕೆ, ತುಟಿ ಅಲುಗಿಸದೆ.

ನೀರಿನಲ್ಲಿ ಒಂದು ತಲೆ. ನಮ್ಮನ್ನೇ ನೋಡುತ್ತಿತ್ತು. ಮುಳುಗಿತು. ಇನ್ನೂ ಎಡಕ್ಕೆ ಎದ್ದಿತು. ಮತ್ತೆ ಮುಳುಗಿತು. ಹಿರಿಯಾಕೆ ನೆಲಕ್ಕೆ ಕೂತು ನಮಗೂ ಸನ್ನೆ ಮಾಡಿದರು. ಅಮ್ಮ ಆ ಮಂಡಿನೋವಿನಲ್ಲಿ ಮರಳಿಗೆ ಕುಸಿದು ಕೂತಳು. ಮೂವರೂ ಹುಲ್ಲಿನ ಮರೆಯಲ್ಲಿ ತಲೆ ತಗ್ಗಿಸಿ ಕೂತೆವು. ಅಮ್ಮ ನನ್ನ ಕೈ ಹಿಡಿದಿದ್ದಳು. ಯಾವಾಗ ಹಿಡಿದಳೋ ಗೊತ್ತಿಲ್ಲ.

ಇಪ್ಪತ್ತು ನಿಮಿಷ ಅದು ಹತ್ತಿರ ಬರುವುದು, ದೂರ ಹೋಗುವುದು ಮಾಡಿತು. ಕೊನೆಗೆ ಒಂದು ಅಲೆಯ ಜೊತೆ ಮರಳಿಗೆ ಬಂದು ಬಿತ್ತು. ಹೊಟ್ಟೆಯೆಳೆದುಕೊಂಡು, ನಿಂತು, ಸುತ್ತ ನೋಡಿ, ಮತ್ತೆ ಎಳೆದುಕೊಂಡು ದಿಮ್ಮಿಯವರೆಗೆ ಬಂತು. ಮರಿಯ ಮೂತಿಗೆ ಮೂತಿಯಿಟ್ಟು ಬಹಳ ಹೊತ್ತು ಮೂಸಿತು. ಬೇರೆಯವರ ವಾಸನೆ ಮೆತ್ತಿದ್ದರೆ ಬಿಟ್ಟುಹೋಗಬಹುದು ಎಂದು ನನಗೆ ಗೊತ್ತಿತ್ತು. ವೀಡಿಯೋದಲ್ಲಿ ಯಾರಾದರೂ ಮರಿಯನ್ನು ಮುಟ್ಟಿದರೇ? ನೆನಪಾಗಲಿಲ್ಲ. ಆಮೇಲೆ ತಾಯಿ ಭಾರವಾಗಿ ಪಕ್ಕಕ್ಕೆ ಹೊರಳಿಕೊಂಡಿತು. ಮರಿ ತಡಕಾಡಿತು, ತಪ್ಪು ಜಾಗದಲ್ಲಿ ಬಾಯಿ ಹಾಕಿತು, ಮತ್ತೆ ತಡಕಾಡಿ ಕಚ್ಚಿಕೊಂಡಿತು.

ನಾನು ಬಾಯಿಗೆ ಕೈ ಒತ್ತಿಕೊಂಡು ಅತ್ತೆ. ಹಿರಿಯಾಕೆ ಫೋನು ತೆಗೆದು ರಕ್ಷಣೆಯವರಿಗೆ ವಾಪಸು ಹೋಗಿ ಎಂದರು. ಆ ದಿನದ ಹಾಳೆಯನ್ನು ನನ್ನ ಮಡಿಲಿಗೆ ಹಾಕಿ, ಬರೆಯುವ ಮೊದಲು ಬಾಯಿಬಿಟ್ಟು ಹೇಳು ಎಂದರು.

‘ದೊಡ್ಡದು ಒಂದು. ಮರಿ ಒಂದು’ ಎಂದೆ.

ವಾಪಸು ಬರುವಾಗ ಅಮ್ಮ ಅರ್ಧ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಕೇಳಿದಳು.

‘ಎಷ್ಟು ವಾರ?’

‘ಶನಿವಾರಕ್ಕೆ ಹತ್ತಾಗತ್ತೆ.’

‘ಹ್ಞೂಂ’ ಎಂದಳು. ಎರಡು ಎಕ್ಸಿಟ್ ದಾಟಿದೆವು. ‘ನಿನಗಿಂತ ಮುಂಚೆ ನನಗೊಂದು ಹೋಗಿತ್ತು. ಯಾರಿಗೂ ಹೇಳಿರ್ಲಿಲ್ಲ ನಾನು. ನಿಮ್ಮಪ್ಪನಿಗೂ ಹೇಳಿರ್ಲಿಲ್ಲ. ಆದ್ರೂ ಹೋಯ್ತು.’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಹೇಳಿದ್ದಕ್ಕೆ ಹೋಗಲ್ಲ ಕಣೇ ಅವು. ಹಾಗಂತ ನಿಂಗೆ ಯಾರೂ ಹೇಳ್ಲಿಲ್ಲ. ನಾನಾದ್ರೂ ಹೇಳ್ಬೇಕಿತ್ತು.’

ನನಗೆ ರಸ್ತೆ ಕಾಣಿಸದಂತಾಗಿ ಕಾರನ್ನು ಬದಿಗೆ ಹಾಕಬೇಕಾಯಿತು.

ಎರಡು ದಿನ ಬಿಟ್ಟು ಬಂದ ಶನಿವಾರ ಮರಿಗಳ ಕಾಲಂನಲ್ಲಿ ಒಂದು ಬರೆದೆ. ಮರಿ ಉರುಟಾಗಿ ತುಂಬಿಕೊಂಡಿತ್ತು. ಅದರ ಮುಂದಿನ ಶನಿವಾರ ತಾಯಿ ಇರಲಿಲ್ಲ. ಹಾಲು ಬಿಡಿಸಿ ಸಮುದ್ರಕ್ಕೆ ಹೊರಟುಹೋಗಿತ್ತು. ಅವುಗಳ ಕ್ರಮವೇ ಹಾಗೆ. ಮರಿ ಬಿಳಿ ತುಪ್ಪಟ ಉದುರಿಸಿಕೊಳ್ಳುತ್ತ ಒಂಟಿಯಾಗಿ ಮಲಗಿತ್ತು. ಮತ್ತೊಂದು ಶನಿವಾರಕ್ಕೆ ಅದೂ ಇರಲಿಲ್ಲ. ದಿಮ್ಮಿಯ ಬುಡದಲ್ಲಿ ಬಿಳಿ ಕೂದಲು ಗಾಳಿಗೆ ಅಲುಗುತ್ತಿತ್ತು. ಸೊನ್ನೆ ಬರೆದೆ. ಈ ಸಲ ಅದು ಕಂಡ ಸೊನ್ನೆ. ಹಿರಿಯಾಕೆ ಅಂದೇ ಹಗ್ಗ ಬಿಚ್ಚಿದರು. ಅದು ಎಲ್ಲಿದೆ, ಇದೆಯೋ ಇಲ್ಲವೋ, ನನಗೆ ಗೊತ್ತಾಗುವುದಿಲ್ಲ. ಆ ಚಿಂತೆಯೂ ನನ್ನ ಲೆಕ್ಕಕ್ಕೇ ಸೇರಿಕೊಂಡಿದೆ.

ಹನ್ನೊಂದನೆಯ ವಾರ ಹೇಗೆ ಕಳೆಯಿತು ಎಂದು ಕೇಳಬೇಡಿ. ದಿನಕ್ಕೆ ಹತ್ತು ಸಲ ಬಚ್ಚಲಿಗೆ ಹೋಗಿ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಹೊರಗೆ ಅಮ್ಮ ನಿಂತಿರುತ್ತಿದ್ದಳು. ಈಗ ನಲ್ಲಿ ಬಿಡುವ ಅಗತ್ಯ ಇರಲಿಲ್ಲ.

ಆ ಕೊನೆಯ ಶನಿವಾರದ ಮರುದಿನ ಫೆಬ್ರವರಿ. ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆ ತಿರುವಲು ಹೋದೆ. ಬೆಲ್‌ರೋಸಿನ ಕಿರಾಣಿ ಅಂಗಡಿಯವರು ಕೊಟ್ಟದ್ದು, ತಿಥಿ ನಕ್ಷತ್ರ ಎಲ್ಲ ಇರುವ ಕ್ಯಾಲೆಂಡರು. ಜನವರಿಯ ಕೊನೆಯ ಶನಿವಾರಗಳ ಮೂಲೆಯಲ್ಲಿ ಕೆಂಪು ಪೆನ್ನಿನ ಸಣ್ಣ ಅಂಕಿಗಳಿದ್ದವು: ಹತ್ತು, ಹನ್ನೊಂದು, ಹನ್ನೆರಡು. ನನ್ನ ಹೈಸ್ಕೂಲಿನ ಹೋಮ್‌ವರ್ಕು ತಿದ್ದಿದ ಅದೇ ಅಕ್ಷರ. ಫೆಬ್ರವರಿ ತಿರುವಿದೆ. ಹದಿಮೂರು, ಹದಿನಾಲ್ಕು. ಮಾರ್ಚಿ, ಏಪ್ರಿಲ್. ಮೇ ತಿಂಗಳಲ್ಲಿ ಅಮ್ಮನ ವಾಪಸು ಟಿಕೆಟ್ಟಿನ ದಿನಕ್ಕೆ ಹಾಕಿದ್ದ ಸುತ್ತು ಇತ್ತು, ಅದನ್ನು ದಾಟಿಯೂ ಅಂಕಿಗಳು ನಡೆದಿದ್ದವು. ಜೂನ್, ಜುಲೈ. ನಾನು ನಿಂತಲ್ಲೇ ಒಂದೊಂದೇ ಹಾಳೆ ತಿರುವುತ್ತ ಹೋದೆ.

ಆಗಸ್ಟಿನ ಪುಟದಲ್ಲಿ ಕೊನೆಯದಿತ್ತು. ಅಮ್ಮ ನಲವತ್ತರ ತನಕ ಬರೆದಿದ್ದಳು.